ಮುಂಬಯಿಯಲ್ಲಿ ಆರಿಸಿದ ಕಾಯಿ

ಮೊನ್ನೆ ಅಟ್ಟದಿಂದ ಕಾಯಿ ಇಳಿಸುವಾಗ ಒಂದು ಕೈಜಾರಿ ಅಂಗಳದ ಚಪ್ಪಡಿ ಮೇಲೆ ಬಿದ್ದು ಒಡೆಯಿತು. ಕೆಟ್ಟ ಕಾಯಿ. ಅದರ ವಾಸನೆ ಗೊತ್ತಿದ್ದವರಿಗೆ ಗೊತ್ತು, ಒಂದು ಸಲ ಮೂಗಿಗೆ ಹೊಡೆದರೆ ತಲೆಗೆ ಸ್ನಾನ ಮಾಡಿದರೂ ಹೋಗುವುದಿಲ್ಲ. ಕೆಲಸಕ್ಕೆ ಬಂದಿದ್ದ ಹೆಂಗಸರು ಸೆರಗು ಮೂಗಿಗೆ ಹಿಡಿದುಕೊಂಡು ಆಚೆ ಹೋದರು. ನಾನು ಅಲ್ಲೇ ನಿಂತಿದ್ದೆ. ಈ ನಾತದಲ್ಲಿ ಅದೇನು ಯೋಚನೆ ಮಾಡ್ತಾ ನಿಂತಿದ್ದೀರಕ್ಕ ಅಂತ ಅವರು ನಗಾಡಿದರು. ಮುಂಬಯಿ ಜ್ಞಾಪಕಕ್ಕೆ ಬಂತು ಕಣ್ರೇ ಅಂದಿದ್ದರೆ ಇನ್ನೂ ನಗುತ್ತಿದ್ದರು. ಬೇರೆಯವರಿಗೆಲ್ಲ ಮುಂಬಯಿ ಅಂದರೆ ಸಮುದ್ರವೋ ಸಿನಿಮಾದವರ ಮನೆಯೋ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಈ ವಾಸನೆ.

ಕೊರೊನಾ ಗಲಾಟೆ ತಣ್ಣಗಾದ ಮೇಲಿನ ಎರಡನೇ ಮಳೆಗಾಲ ಅದು. ಮಗಳು ರಂಜಿತ ತಿಪಟೂರಿಗೆ ದಿನಾ ಬಸ್ಸಲ್ಲಿ ಹೋಗಿ ಬಂದು ಡಿಗ್ರಿ ಮುಗಿಸಿದ್ದಳು. ಇನ್ನೇನು ಬಿ.ಎಡ್. ಮಾಡಿಸಿ ಇಲ್ಲೇ ದಂಡಿನಶಿವರದ ಕಡೆ ಎಲ್ಲಾದರೂ ಒಂದು ಸ್ಕೂಲಿಗೆ ಸೇರಿಸಿದರಾಯಿತು ಅಂತ ನಾವು ಲೆಕ್ಕ ಹಾಕಿಕೊಂಡಿದ್ದರೆ, ಅವಳು ಯಾರಿಗೂ ಹೇಳದೆ ಮೊಬೈಲಲ್ಲೇ ಅರ್ಜಿ ಹಾಕಿದ್ದಾಳೆ. ಕಿವುಡ ಮಕ್ಕಳಿಗೆ ಪಾಠ ಹೇಳುವ ಟೀಚರಾಗುವ ಕೋರ್ಸು. ಮೈಸೂರಲ್ಲಿ ಸೀಟು ಸಿಗಲಿಲ್ಲವಂತೆ, ಸಿಕ್ಕಿದ್ದು ಮುಂಬಯಿಯಲ್ಲಿ. ಎರಡು ವರ್ಷ.

ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ನನಗೆ ಗೊತ್ತಿತ್ತು. ಅವಳ ಜೊತೆ ಒಂದನೇ ಕ್ಲಾಸಿಗೆ ಸೇರಿದ ಗೌರಿ ಅನ್ನುವ ಹುಡುಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನ ತನಕ ಸುಮ್ಮನೆ ಕೂರಿಸಿಕೊಂಡಿದ್ದು, ಆಮೇಲೆ ಬಿಡಿಸಿಬಿಟ್ಟರು. ರಜ ಬಂದರೆ ಇಬ್ಬರೂ ನಮ್ಮ ಅಂಗಳದಲ್ಲಿ ಕಾಯಿ ರಾಶಿಯ ಪಕ್ಕ ಕೂತು ಆಡುತ್ತಿದ್ದರು. ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕುವ ಮುಂಚೆ ನಾವು ಒಂದೊಂದು ಕಾಯಿಯನ್ನೂ ಅಲ್ಲಾಡಿಸಿ, ಒಂದಕ್ಕೊಂದು ತಟ್ಟಿ ನೋಡುತ್ತೇವೆ. ಬಿರುಕು ಬಿಟ್ಟದ್ದು, ಕೆಟ್ಟದ್ದು ಶಬ್ದದಲ್ಲೇ ಗೊತ್ತಾಗುತ್ತದೆ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂರಬೇಕಾದ ಕಾಯಿ, ನೋಡದೆ ಹಾಕುವ ಹಾಗಿಲ್ಲ. ಆ ಗೌರಿ ಮಾತ್ರ ಕಾಯನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲಾಡಿಸಿ, ನೀರು ತುಳುಕುವುದನ್ನು ಅಂಗೈಯಲ್ಲೇ ಕೇಳಿಸಿಕೊಳ್ಳೋಳು. ಒಂದೂ ತಪ್ಪುತ್ತಿರಲಿಲ್ಲ. ಅವಳಿಗೆ ಕಲಿಯೋಕೆ ಬರ್ತಿತ್ತಮ್ಮ, ಕಲಿಸೋರಿಗೆ ಬರ್ತಿರಲಿಲ್ಲ ಅಂತ ರಂಜಿತ ಎಷ್ಟೋ ಸಲ ಹೇಳಿದ್ದಳು. ಹುಡುಗು ಮಾತು ಬಿಡು ಅಂತ ನಾನು ಅಂದುಕೊಂಡಿದ್ದೆ.

ನಮ್ಮ ಯಜಮಾನರು ಎರಡು ದಿನ ಯೋಚನೆ ಮಾಡಿ, ಕಾಯಿ ಒಡೆದು ನೋಡೋಣ ಅಂದರು. ಅವರದೊಂದು ಪದ್ಧತಿ. ಬೋರು ಕೊರೆಸುವುದಿರಲಿ, ಹೆಣ್ಣು ತರುವುದಿರಲಿ, ಹಸು ಮಾರುವುದಿರಲಿ, ದೇವರ ಮುಂದೆ ಕಾಯಿ ಒಡೆದು ನೋಡಿಯೇ ಮುಂದಿನ ಮಾತು. ಕಾಯಿ ಕೆಟ್ಟರೆ ಆ ಕೆಲಸ ಅಲ್ಲಿಗೆ ನಿಂತಿತು. ನಮ್ಮ ತೋಟದ ಕಾಯನ್ನೇ ನಾಲ್ಕು ತಗೊಂಡು ಹೋಗ್ತೀನಿ ಅಂದೆ. ಬೇಡ ಅಂದರು.

"ಆ ಊರಿನ ವಿಚಾರ ಆ ಊರಿನ ಕಾಯೇ ಹೇಳ್ಬೇಕು. ಅಲ್ಲೇ ಒಂದು ತಗೊಂಡು ಒಡೆದು ನೋಡು. ಒಳ್ಳೇದು ಬಂದ್ರೆ ಬುಟ್ಟು ಬಾ, ಕೆಟ್ಟರೆ ಕರ್ಕಂಡು ಬಾ."

ತೋಟದಲ್ಲಿ ಕಾಯಿ ಕೆಡವುವ ಕೆಲಸ ನಡೆಯುತ್ತಿದ್ದುದರಿಂದ ಅವರು ಬರುವ ಹಾಗಿರಲಿಲ್ಲ. ನನ್ನ ತಲೆಗೆ ಕಟ್ಟಿದರು.

ನನ್ನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ನನಗೆ ಕಳಿಸುವ ಮನಸ್ಸು ಒಂದಿಷ್ಟೂ ಇರಲಿಲ್ಲ. ಇರುವುದು ಒಬ್ಬಳೇ ಮಗಳು. ತುಮಕೂರು ದಾಟಿ ಒಬ್ಬಳೇ ಹೋದವಳಲ್ಲ. ಆದರೆ ಬೇಡ ಅಂತ ನನ್ನ ಬಾಯಿಂದ ಹೇಳುವುದಕ್ಕೆ ಧೈರ್ಯ ಇರಲಿಲ್ಲ. ಪಿಯುಸಿ ಆದ ಮೇಲೆ ನನ್ನ ಓದು ನಿಲ್ಲಿಸಿದ್ದಕ್ಕೆ ನಾನು ನಮ್ಮಮ್ಮನನ್ನು ಎಷ್ಟು ವರ್ಷ ಒಳಗೊಳಗೇ ಬೈದುಕೊಂಡಿದ್ದೇನೆ ಅಂತ ನನಗೇ ಗೊತ್ತು. ಇವಳೂ ನಾಳೆ ನನ್ನ ಮುಖ ನೋಡಿದಾಗಲೆಲ್ಲ ಅದನ್ನೇ ನೆನೆಸಿಕೊಂಡರೆ? ಬೇಡ ಅನ್ನುವುದನ್ನು ದೇವರೇ ಹೇಳಿದರೆ ನನ್ನ ತಲೆ ಮೇಲೆ ಬರುವುದಿಲ್ಲ ಅಂತ ಹಂಚಿಕೆ ಹಾಕಿಕೊಂಡು ತಿಪಟೂರಿನಲ್ಲಿ ರೈಲು ಹತ್ತಿದೆ.

ದಾದರಿನಲ್ಲಿ ಇಳಿದಾಗ ಮಳೆ. ನಮ್ಮ ಕಡೆ ಮಳೆ ಬಂದರೆ ಬಂತು ಅಂತ ಜನ ನಿಂತು ನೋಡುತ್ತಾರೆ, ಎಷ್ಟು ಹದ ಆಯಿತು ಅಂತ ಮಾತಾಡುತ್ತಾರೆ. ಅಲ್ಲಿ ಯಾರಿಗೂ ಅದರ ಪರಿವೆಯೇ ಇಲ್ಲ, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ನೀರಲ್ಲೇ ಓಡುತ್ತಿದ್ದರು. ಲಾಡ್ಜಿನಲ್ಲಿ ಇಳಿಯುವ ಶಕ್ತಿ ನಮಗಿರಲಿಲ್ಲ. ಹೆಂಗಸರಿಗೆ ಮಾತ್ರ ಜಾಗ ಕೊಡುವ ಒಂದು ಧರ್ಮಶಾಲೆಯನ್ನು ರಂಜಿತ ಮೊಬೈಲಿನಲ್ಲೇ ಹುಡುಕಿದ್ದಳು. ಟ್ಯಾಕ್ಸಿ ಬೇಡ, ನಡೆದೇ ಹೋಗೋಣ ಅಂತ ಚೀಲ ತಲೆ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ನಡೆದೆವು. ಎರಡನೇ ಮಹಡಿಯಲ್ಲಿ ಒಂದು ದೊಡ್ಡ ಹಾಲ್, ಹನ್ನೆರಡು ಮಂಚ, ಎಲ್ಲರಿಗೂ ಸೇರಿ ಎರಡು ಬಚ್ಚಲು. ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಮೌಶಿ ಅನ್ನುತ್ತಿದ್ದರು. ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಅವರು ಮರಾಠಿಯಲ್ಲಿ ರೂಲ್ಸು ಹೇಳಿದರು, ನಾನು ಸ್ಕೂಲಲ್ಲಿ ಕಲಿತ ಹಿಂದಿಯಲ್ಲಿ ಆಯ್ತು ಅಂದೆ. ಒದ್ದೆ ಬಟ್ಟೆ ಮಂಚದ ಸರಳಿಗೆ ಹಾಕಬಾರದು ಅನ್ನುವುದು ಅದರಲ್ಲೊಂದು ರೂಲ್ಸು ಅಂತ ಬಟ್ಟೆ ಹಾಕಿ ಬೈಸಿಕೊಂಡ ಮೇಲೆ ಗೊತ್ತಾಯಿತು.

ಊಟದ ಚಿಂತೆ ಅಷ್ಟಿರಲಿಲ್ಲ. ಮನೆಯಿಂದ ಚಪಾತಿ, ಹುರಿದ ಅವಲಕ್ಕಿ, ಕೊಬ್ಬರಿ ಹಾಕಿ ಕುಟ್ಟಿದ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ಚಪಾತಿ ಎರಡನೇ ದಿನಕ್ಕೆ ಬೂಸ್ಟು ಹಿಡಿಯಿತು. ಆಮೇಲೆ ಬೀದಿಯಲ್ಲಿ ಬನ್ನಿನ ಮಧ್ಯೆ ಆಲೂಗೆಡ್ಡೆ ಬೋಂಡ ಇಟ್ಟು ಕೊಡುತ್ತಾರಲ್ಲ, ಅದನ್ನೇ ತಿಂದೆವು. ಬಾಯಿಗೆ ರುಚಿಯಾಗಿತ್ತು, ಆದರೂ ಇದನ್ನೇ ಎರಡು ವರ್ಷ ತಿಂದರೆ ಹೊಟ್ಟೆ ಏನಾಗಬೇಕು ಅಂತ ಅವಳಿಗೆ ಕೇಳಿಸುವ ಹಾಗೆ ಗೊಣಗಿದೆ. ಹುಳುಕು ಹುಡುಕುವುದೇ ನನಗೆ ಅಲ್ಲಿ ಕೆಲಸವಾಗಿತ್ತು. ಮನೆಗೆ ಹೋಗಿ ಹೇಳುವುದಕ್ಕೆ ನಾಲ್ಕು ಮಾತು ಬೇಕಲ್ಲ.

ಎರಡನೇ ದಿನ ಕಾಲೇಜಿಗೆ ಹೊರಟೆವು. ಲೋಕಲ್ ರೈಲು. ನಾನು ತುರುವೇಕೆರೆ ಬಸ್ಸಿಗೆ ಕಾಯುವ ಹಾಗೆ, ಇಳಿಯುವವರು ಇಳಿಯಲಿ ಆಮೇಲೆ ಹತ್ತೋಣ ಅಂತ ಮರ್ಯಾದೆಯಿಂದ ನಿಂತಿದ್ದೆ. ಮೂರು ರೈಲು ನಮ್ಮ ಮುಂದೆಯೇ ಹೋದವು. ನಾಲ್ಕನೆಯದಕ್ಕೆ ಹಿಂದಿದ್ದ ಹೆಂಗಸರು ನಮ್ಮಿಬ್ಬರನ್ನೂ ಕೊಬ್ಬರಿ ಚೀಲ ತುರುಕಿದ ಹಾಗೆ ಒಳಕ್ಕೆ ತುರುಕಿದರು. ಸಿಟ್ಟು ಬಂತು. ಬೈಯೋಣ ಅಂತ ತಿರುಗಿದರೆ, ಕಿಟಕಿ ಪಕ್ಕ ಕೂತು ತೊಡೆ ಮೇಲೆ ಪೇಪರು ಹಾಸಿಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದ ಒಬ್ಬಾಕೆ ಕಾಲು ಸರಿಸಿ, ಬಾ ಅಂತ ಕೈಯಲ್ಲೇ ಕರೆದು ಮೂರು ಜನರ ಸೀಟಿನಲ್ಲಿ ನನ್ನನ್ನು ನಾಲ್ಕನೆಯವಳಾಗಿ ಕೂರಿಸಿಕೊಂಡಳು. ಇಳಿಯುವ ಸ್ಟೇಷನ್ನಿಗೆ ಎರಡು ಸ್ಟೇಷನ್ ಮುಂಚೆಯೇ ಎಬ್ಬಿಸಿ ಬಾಗಿಲ ಹತ್ತಿರ ನಿಲ್ಲಿಸಿದಳು. ಅವಳ ಉಪಕಾರಕ್ಕೆ ನನಗೆ ಖುಷಿ ಆಗಬೇಕಿತ್ತು. ಹೇಳುವುದಕ್ಕೆ ಒಂದು ಮಾತು ಕಡಿಮೆ ಆಯಿತಲ್ಲ ಅಂತ ಬೇಜಾರಾಯಿತು.

ಕಾಲೇಜಿನ ಹಾಸ್ಟೆಲಿನಲ್ಲೂ ಹಾಗೇ. ಗೇಟಿನಲ್ಲಿ ವಾಚ್‌ಮನ್ ಇದ್ದ, ನೆಲ ಒರೆಸಿದ್ದರು, ವಾರ್ಡನ್ನು ವಯಸ್ಸಾದ ಹೆಂಗಸು. ನಾನು ಬಚ್ಚಲಿನ ಚಿಲಕವನ್ನೂ ಎಳೆದು ನೋಡಿದೆ. ಅದೂ ಗಟ್ಟಿಯಾಗಿತ್ತು.

ಕಾಲೇಜಿಗೆ ಹೊಂದಿಕೊಂಡೇ ಕಿವುಡ ಮಕ್ಕಳ ಸ್ಕೂಲಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅಷ್ಟೊಂದು ಮಕ್ಕಳಿದ್ದರೂ ಮಾತಿನ ಗದ್ದಲವಿಲ್ಲ, ಕೈಗಳು ಮಾತ್ರ ಆಡುತ್ತಿದ್ದವು. ನನಗೆ ಒಂಥರಾ ಸಂಕಟವಾಗಿ ಬಾಗಿಲಲ್ಲೇ ನಿಂತೆ. ರಂಜಿತ ಒಳಗೆ ಹೋಗಿ ನೆಲದ ಮೇಲೆ ಕೂತುಬಿಟ್ಟಳು. ಆರೇಳು ವರ್ಷದ ಒಂದು ಹುಡುಗಿ ಬಂದು ಅವಳ ಗಂಟಲ ಮೇಲೆ ಅಂಗೈ ಇಟ್ಟು, ಮಾತಾಡು ಅನ್ನುವ ಹಾಗೆ ಮುಖ ನೋಡಿತು. ಇವಳು ಏನೋ ಮಾತಾಡಿದಳು, ಕನ್ನಡದಲ್ಲೇ. ಆ ಮಗು ಅಂಗೈ ತೆಗೆಯಲೇ ಇಲ್ಲ. ಮಗಳ ಮುಖ ಅಷ್ಟು ಹೊತ್ತು ಅಷ್ಟು ಬೆಳಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಇವಳು ನನ್ನ ಕೈಬಿಟ್ಟು ಹೋದಳು ಅಂತ ಆಗಲೇ ಅನ್ನಿಸಿದ್ದು. ನಾಳೆ ಸಾಯಂಕಾಲದೊಳಗೆ ಪೋಷಕರು ಸಹಿ ಹಾಕಿ ಸೀಟು ಖಾತ್ರಿ ಮಾಡಬೇಕು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ ಅಂತ ಆಫೀಸಿನಲ್ಲಿ ಹೇಳಿದರು.

ವಾಪಸ್ಸು ಬಂದು ಸಾಯಂಕಾಲ ಕಾಯಿ ತರಲು ಹೋದೆವು. ಧರ್ಮಶಾಲೆಯಿಂದ ಸ್ವಲ್ಪ ದೂರದ ಸಂತೆಬೀದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಒಬ್ಬ ಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ. ಅದರ ಮುಂದೆ ನಿಂತಾಗ ನನಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ದುಡ್ಡು ಕೊಟ್ಟು ತೆಂಗಿನಕಾಯಿ ತಗೊಂಡವಳಲ್ಲ ನಾನು. ತವರಲ್ಲೂ ತೋಟ, ಇಲ್ಲೂ ತೋಟ. ರಂಜಿತ ಪಕ್ಕದಲ್ಲಿ ಹೂವು, ಬಾಳೆಹಣ್ಣು ತಗೊಳ್ಳುತ್ತಿದ್ದಳು.

ಒಂದು ಎತ್ತಿದೆ, ಅಲ್ಲಾಡಿಸಿದೆ. ಒಳ್ಳೆಯದು. ಇಟ್ಟೆ. ಇನ್ನೊಂದು, ಅದೂ ಒಳ್ಳೆಯದು. ಅಂಗಡಿಯವನು ಎಲ್ಲಾ ಚೆನ್ನಾಗಿದೆ ಅಂತ ಹೇಳುತ್ತಲೇ ಇದ್ದ. ಏಳನೆಯದೋ ಎಂಟನೆಯದೋ ಕೈಗೆ ಬಂದಾಗ ಗೊತ್ತಾಯಿತು. ಹಗುರ. ನೀರಿನ ಶಬ್ದ ಮಂಕಾಗಿ ಒಳಗೇ ಇಂಗಿದ ಹಾಗೆ. ಉಗುರಲ್ಲಿ ತಟ್ಟಿದರೆ ಡಬ್ ಅಂತು. ಜುಟ್ಟು ಸರಿಸಿ ನೋಡಿದರೆ ಕಣ್ಣಿನ ಹತ್ತಿರ ತೇವ. ಮೂವತ್ತು ವರ್ಷ ಕಾಯಿ ಆರಿಸಿದ ಕೈ ಇದು, ತಪ್ಪುವ ಮಾತೇ ಇಲ್ಲ. ಮನೆಯಲ್ಲಾಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದೆ. ಅಲ್ಲಿ ಅದನ್ನೇ ದುಡ್ಡು ಕೊಟ್ಟು ತಗೊಂಡೆ. ದೇವರಿಗೆ ಅಂತ ತಗೊಂಡೆ.

ಚೆನ್ನಾಗಿದೆಯಾ ಅಂತ ಮಗಳು ಕೇಳಿದಳು. ಹ್ಞೂ ಅಂದೆ. ಅವಳು ನನ್ನ ಕೈಯಿಂದ ಚೀಲ ಈಸಿಕೊಂಡಳು. ದಾರಿಯುದ್ದಕ್ಕೂ ಚೀಲ ಅವಳ ಕೈಯಲ್ಲಿ ತೂಗುತ್ತಿತ್ತು. ಅಲ್ಲಿವರೆಗೂ ಮಕ್ಕಳ ವಿಷಯ ಹೇಳುತ್ತಿದ್ದವಳು ಆಮೇಲೆ ಮಾತಾಡಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆ. ನಮ್ಮ ಅಂಗಳದಲ್ಲಿ ಗೌರಿ ಜೊತೆ ಕೂತು ಕಾಯಿ ಆರಿಸಿಕೊಂಡೇ ಬೆಳೆದವಳು ಅವಳು ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ ನೋಡಿ. ಕಳ್ಳತನ ಮಾಡುವಾಗ ಬುದ್ಧಿ ಹಾಗೆ ಮಂಕಾಗಿರುತ್ತದೆ.

ಬೆಳಿಗ್ಗೆ ಬೆಳಕು ಹರಿದು ಎಚ್ಚರಾಯಿತು. ಪಕ್ಕದ ಮಂಚ ಖಾಲಿ. ಬಚ್ಚಲಲ್ಲಿಲ್ಲ, ಮೆಟ್ಟಿಲಲ್ಲಿಲ್ಲ. ಫೋನು ದಿಂಬಿನ ಕೆಳಗೇ ಬಿಟ್ಟು ಹೋಗಿದ್ದಾಳೆ. ಹೊರಗೆ ಮಳೆ ಧೋ ಅಂತ ಸುರಿಯುತ್ತಿದೆ. ಮೌಶಿಯ ಹತ್ತಿರ ಹೋಗಿ ಬೇಟಿ, ಬೇಟಿ ಅಂದೆ, ಮುಂದಿನ ಮಾತಿಗೆ ಹಿಂದಿ ಬರಲಿಲ್ಲ. ಅವರು ಬೀದಿಯ ಕಡೆ ಕೈ ತೋರಿಸಿ, ಬರ್ತಾಳೆ ಕೂತ್ಕೋ ಅನ್ನುವ ಹಾಗೆ ಭುಜ ಅದುಮಿ ಕೂರಿಸಿದರು. ನಾನು ಕಿಟಕಿ ಸರಳು ಹಿಡಿದುಕೊಂಡು ನಿಂತೆ. ಅರ್ಧ ಗಂಟೆಯಾಗಿರಬೇಕು, ನೆನೆದು ತೊಪ್ಪೆಯಾಗಿ ಬಂದಳು. ಕೈಯಲ್ಲಿ ಕವರಲ್ಲಿ ಕಟ್ಟಿಸಿಕೊಂಡ ಟೀ, ಹೆಗಲಲ್ಲಿ ಬಟ್ಟೆ ಚೀಲ. ಟೀ ತರೋಕೆ ಹೋಗಿದ್ದೆ ಅಂದಳು. ಟೀ ಅಂಗಡಿ ಬಾಗಿಲೆದುರಿಗೇ ಇತ್ತು. ಅದನ್ನು ಕೇಳುವಷ್ಟು ತಾಳ್ಮೆ ಇರಲಿಲ್ಲ, ಬಾಯಿಗೆ ಬಂದ ಹಾಗೆ ಬೈದೆ. ಅವಳು ತಲೆ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡಳು.

ಸ್ನಾನ ಮಾಡಿ, ಸೀರೆ ಉಟ್ಟು, ಪೂಜೆ ಚೀಲ ಎತ್ತಿಕೊಂಡೆ. ಎತ್ತಿದ ತಕ್ಷಣ ಕೈ ನಿಂತಿತು. ಚೀಲ ಭಾರ. ಒಳಗೆ ನೀರು ಗಳಗಳ ಅಂತ ತುಳುಕಿತು. ನಾನು ತಂದ ಕಾಯಿ ಅದಲ್ಲ.

ಮಗಳ ಕಡೆ ನೋಡಿದೆ. ಅವಳು ಬಾಚಣಿಗೆ ಹಿಡಿದು ಗೋಡೆ ಕಡೆ ಮುಖ ಮಾಡಿಕೊಂಡಿದ್ದಳು. ನಾನು ಚೀಲ ತೋಳಿಗೆ ಹಾಕಿಕೊಂಡು ಬಾಗಿಲು ದಾಟಿದೆ. ಮೆಟ್ಟಿಲಿಳಿಯುವಾಗ ಕೆಳಗಿನ ಕಸದ ಬಕೆಟ್ಟಿನ ಹತ್ತಿರ ಮೂಗಿಗೆ ಹೊಡೆಯಿತು, ಆ ವಾಸನೆ. ಬಗ್ಗಿ ನೋಡಿದೆ. ನಾನು ಆರಿಸಿದ್ದ ಕಾಯಿ ಎರಡು ಹೋಳಾಗಿ ಬಿದ್ದಿತ್ತು, ಒಳಗೆಲ್ಲ ಹಳದಿ ತಿರುಗಿ ಲೋಳೆ. ಅನುಮಾನದ ಮೇಲೆ ಅಮ್ಮನನ್ನು ಕಳ್ಳಿ ಅಂದುಕೊಳ್ಳುವುದು ಬೇಡ ಅಂತಲೋ ಏನೋ, ಒಡೆದು ನೋಡಿ, ಖಾತ್ರಿ ಮಾಡಿಕೊಂಡೇ ಹೋಗಿದ್ದಾಳೆ. ಭಾಷೆ ಬರದ ಊರಲ್ಲಿ, ಆ ಮಳೆಯಲ್ಲಿ, ಫೋನೂ ಇಲ್ಲದೆ ಸಂತೆಬೀದಿ ಹುಡುಕಿಕೊಂಡು ಹೋಗಿ, ಅಷ್ಟು ಬೆಳಿಗ್ಗೆ ತೆರೆದಿದ್ದ ಅಂಗಡಿ ಯಾವುದು ಅಂತ ಕೇಳಿ, ಆರಿಸಿ ತಂದಿದ್ದಾಳೆ. ನಾನು ಮೂರು ದಿನದಿಂದ ಅವಳ ದುಪಟ್ಟಾ ಹಿಡಿದುಕೊಂಡು ಓಡಾಡುತ್ತಿದ್ದವಳು.

ಬೀದಿ ತಿರುವಿನಲ್ಲಿ ಪುಟ್ಟ ಗಣಪತಿ ಗುಡಿ. ಕಾಯನ್ನು ನಾವೇ ಒಡೆಯಬೇಕು, ಅದಕ್ಕೆ ಅಂತ ಮೆಟ್ಟಿಲ ಪಕ್ಕ ಒಂದು ಕಲ್ಲಿತ್ತು. ಕಾಯಿ ಕೈಯಲ್ಲಿ ಹಿಡಿದು ನಿಂತೆ. ಇದು ನಾನು ತಂದಿದ್ದಲ್ಲ ಅಂತ ಒಂದು ಮಾತು ಅಂದರೆ ಸಾಕಿತ್ತು, ಎಲ್ಲ ನಿಲ್ಲಿಸಬಹುದಿತ್ತು. ಆದರೆ ಆ ಮಾತಿನ ಹಿಂದೆಯೇ ನಾನು ತಂದಿದ್ದು ಎಂಥದ್ದು ಅನ್ನುವ ಮಾತೂ ಬರಬೇಕಲ್ಲ. ಮಗಳನ್ನು ನೋಡಿದೆ. ಈ ಸಲ ಅವಳು ಮುಖ ತಿರುಗಿಸಲಿಲ್ಲ.

"ಒಡೀಲೇನೇ?"

"ಒಡಿಯಮ್ಮ."

ಒಂದೇ ಪೆಟ್ಟಿಗೆ ಒಡೆಯಿತು. ಎರಡು ಸಮ ಹೋಳು, ಹಾಲಿನಂಥ ಬಿಳುಪು. ನೀರು ನನ್ನ ಮೊಣಕೈವರೆಗೂ ಇಳಿಯಿತು.

ಗುಡಿಯ ಜಗುಲಿಯಲ್ಲಿ ಕೂತು ಮನೆಗೆ ಫೋನು ಮಾಡಿದೆ. ಯಜಮಾನರು ತೋಟದಲ್ಲಿದ್ದರು, ಹಿಂದುಗಡೆ ಕಾಯಿ ಬೀಳುವ ಸದ್ದು ಕೇಳುತ್ತಿತ್ತು. ಕಾಯಿ ಚೆನ್ನಾಗಿ ಬಂತು ಅಂತಷ್ಟೇ ಹೇಳಿ ಮುಗಿಸಬೇಕು ಅಂತಿದ್ದೆ. ಅವರು ಎಷ್ಟಾದರೂ ಕಾಯಿಯವರು, ನೀನೇ ನೋಡಿ ಆರಿಸಿದ್ಯಾ ಅಂತ ಕೇಳಿಬಿಟ್ಟರು. ಪಕ್ಕದಲ್ಲಿ ಮಗಳು ಕೂತಿದ್ದಾಳೆ. ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ.

"ನಾನು ಆರಿಸಿದ್ದು ಕೆಟ್ಟ ಕಾಯಿ ಕಣ್ರೀ. ಗೊತ್ತಿದ್ದೂ ಬೇಕಂತಲೇ ತಗೊಂಡಿದ್ದೆ, ಇವಳನ್ನ ಕರ್ಕಂಡು ಬರೋಣ ಅಂತ. ಇವಳಿಗೆ ತಿಳೀತು. ಬೆಳಿಗ್ಗೆ ಒಬ್ಳೇ ಹೋಗಿ ಬೇರೆ ತಂದವ್ಳೆ. ಅದನ್ನೇ ಒಡೆದೆ."

ಬೈಯುತ್ತಾರೆ, ಇಲ್ಲದಿದ್ದರೆ ಈ ಕಾಯಿ ಲೆಕ್ಕಕ್ಕಿಲ್ಲ ಅನ್ನುತ್ತಾರೆ ಅಂತ ಕಾದೆ. ಅವರು ಕೇಳಿದ್ದು, ಅವಳು ತಂದಿದ್ದು ಹೆಂಗಿತ್ತು ಅಂತ. ನಾನು ಆರಿಸಿದ್ರೂ ಇಂಥದ್ದು ಸಿಕ್ತಿರಲಿಲ್ಲ ಅಂದೆ. ಸರಿ ಹಂಗಾದ್ರೆ, ಬುಟ್ಟು ಬಾ ಅಂದರು. ಫೋನು ಇಟ್ಟರು.

ನನಗೆ ತಲೆ ಎತ್ತುವುದಕ್ಕೆ ಆಗಲಿಲ್ಲ. ತಪ್ಪಾಯ್ತು ಕಣೇ ಅಂತ ನೆಲ ನೋಡಿಕೊಂಡೇ ಹೇಳಿದೆ. ಅವಳು ಹೋಳಿನ ಅಂಚಲ್ಲಿ ಉಗುರು ಆಡಿಸುತ್ತಾ ಕೂತಿದ್ದಳು.

"ನಂಗೂ ಹೆದ್ರಿಕೆ ಇತ್ತಮ್ಮ. ಆ ರೈಲು, ಈ ಜನ, ಎರಡು ವರ್ಷ. ಅದು ಕೆಟ್ಟಿದೆ ಅಂತ ಗೊತ್ತಾದಾಗ ಒಂದು ಗಳಿಗೆ ಖುಷೀನೂ ಆಯ್ತು. ಸುಮ್ನೆ ಇದ್ದುಬುಡಾಣ, ನೀನು ಒಡಿ, ಊರಿಗೆ ಹೋಗಾಣ, ನಾನೇ ಬೇಡ ಅಂದೆ ಅಂತ ಯಾರೂ ಅನ್ನಲ್ಲ ಅನ್ನಿಸ್ತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

"ಆಮೇಲೆ?"

"ಆಮೇಲೆ ಎದ್ದು ಹೋದೆ."

ಅವಳಿಗೆ ಅಳು ಬರಲಿಲ್ಲ. ನನಗೆ ಬಂತು. ಸೆರಗಲ್ಲಿ ಮುಖ ಒರೆಸಿಕೊಂಡು ಎದ್ದೆ. ಸ್ಟೇಷನ್ನಿಗೆ ನಡೆದು ಹೋಗಿ, ಆ ದಿನ ಮೊದಲನೆಯ ರೈಲಿಗೇ ನುಗ್ಗಿ ಹತ್ತಿದೆವು. ಕಾಲೇಜಿನ ಆಫೀಸಿನಲ್ಲಿ ಕೊಟ್ಟ ಕಾಗದದಲ್ಲಿ ತಂದೆಯ ಸಹಿ, ತಾಯಿಯ ಸಹಿ ಅಂತ ಎರಡು ಗೆರೆ ಇದ್ದವು. ತಂದೆಯವರು ಬಂದಿಲ್ಲವಾ ಅಂತ ಅಲ್ಲಿದ್ದಾಕೆ ಹಿಂದಿಯಲ್ಲಿ ಕೇಳಿದರು. ನಾನೊಬ್ಬಳೇ ಸಾಕು ಅಂದೆ. ರಂಜಿತ ಪೆನ್ನು ಕೊಟ್ಟಳು, ಕನ್ನಡದಲ್ಲೇ ಪೂರಾ ಹೆಸರು ಬರೆದೆ.